ತೆವಳುವ ಟ್ಯಾಬ್‌ಗೆ ಕಸ್ಟಮ್ ರೋಮ್: ಯಾವಾಗ ಹಾಕಬೇಕು, ಎಲ್ಲಿ ಕೈಕೊಡುತ್ತದೆ

'ಟ್ಯಾಬ್ ಹ್ಯಾಂಗ್ ಆಗ್ತದೆ, ಏನಾದ್ರೂ ರೋಮ್ ಹಾಕಿ ಕೊಡಿ.' ಕಾರವಾರದಿಂದ ಭಟ್ಕಳದವರೆಗೆ, ಘಟ್ಟ ಹತ್ತಿದರೆ ಶಿರಸಿ, ಸಿದ್ದಾಪುರದಲ್ಲೂ ರಿಪೇರಿ ಮೇಜಿನ ಮೇಲೆ ಬೀಳುವ ದೂರು ಹೆಚ್ಚುಕಡಿಮೆ ಇದೇ. ಕಸ್ಟಮ್ ರೋಮ್ ಎಂದರೆ ಕಂಪನಿ ಕೊಟ್ಟ ಆಂಡ್ರಾಯ್ಡ್ ಬದಲಿಗೆ ಹಾಕುವ, ಹೊರಗಿನವರು ಕಟ್ಟಿದ ಆಂಡ್ರಾಯ್ಡ್. ಹೆಚ್ಚಿನವು 2020-21ರ ಆನ್‌ಲೈನ್ ಕ್ಲಾಸಿನ ಕಾಲದಲ್ಲಿ ಕೊಂಡ ಟ್ಯಾಬ್‌ಗಳು. ಮಕ್ಕಳು ಕಾಲೇಜು ಸೇರಿದ್ದಾರೆ, ಟ್ಯಾಬ್ ಅಜ್ಜನ ಯಕ್ಷಗಾನ ವಿಡಿಯೊಗೋ ಅಡಕೆ ಧಾರಣೆ ನೋಡಲಿಕ್ಕೋ ಜಗಲಿಯಲ್ಲಿ ಉಳಿದಿದೆ. ಆದರೆ 'ಹ್ಯಾಂಗ್' ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ತೊಂದರೆಗಳು ಅಡಗಿರುತ್ತವೆ. ರ‍್ಯಾಮ್ ಸಾಲದಿರುವುದು, ಸ್ಟೋರೇಜ್ ತುಂಬಿರುವುದು, ಸ್ಟೋರೇಜ್ ಚಿಪ್ಪೇ ಸವೆದಿರುವುದು, ಬಿಸಿ, ಬ್ಯಾಟರಿ, ಚಾರ್ಜರ್, ಮೆಮೊರಿ ಕಾರ್ಡ್, ನೆಟ್‌ವರ್ಕ್. ಇವುಗಳಲ್ಲಿ ಕಸ್ಟಮ್ ರೋಮ್ ನಿಜವಾಗಿ ವಾಸಿ ಮಾಡುವುದು ಮೊದಲನೆಯದನ್ನು ಮಾತ್ರ. ಎರಡನೆಯದಕ್ಕೆ ಅಷ್ಟಿಷ್ಟು ಅನುಕೂಲ. ಉಳಿದವಕ್ಕೆ ರೋಮ್ ಹಾಕಿದರೆ ಡೇಟಾ ಹೋಗುತ್ತದೆ, ವಾರಂಟಿ ಹೋಗುತ್ತದೆ, ತೊಂದರೆ ಹಾಗೇ ಇರುತ್ತದೆ.

ಇಲ್ಲಿ ಉದಾಹರಣೆಗೆ ತೆಗೆದುಕೊಂಡದ್ದು ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್ ಎ7 10.4, ಅಂದರೆ 2020ರ ಮಾದರಿ. ವೈಫೈ ಮಾತ್ರ ಇರುವುದು ಎಸ್‌ಎಂ-ಟಿ500, ಸಿಮ್ ಹಾಕುವಂಥದ್ದು ಎಸ್‌ಎಂ-ಟಿ505. ಸ್ನ್ಯಾಪ್‌ಡ್ರ್ಯಾಗನ್ 662 ಪ್ರೊಸೆಸರ್, 3 ಜಿಬಿ ರ‍್ಯಾಮ್, 32 ಅಥವಾ 64 ಜಿಬಿ ಸ್ಟೋರೇಜ್, 7040 ಎಂಎಎಚ್ ಬ್ಯಾಟರಿ. ಆಂಡ್ರಾಯ್ಡ್ 10ರಲ್ಲಿ ಬಂದು 12ಕ್ಕೆ ನಿಂತಿತು. ಉಚಿತ ಕಸ್ಟಮ್ ರೋಮ್ ಆದ ಲಿನೇಜ್ ಓಎಸ್‌ನ ಅಧಿಕೃತ ಬಿಲ್ಡ್ (ಸಿದ್ಧ ಪ್ರತಿ) ಎರಡೂ ಮಾದರಿಗಿದೆ, ಆದರೆ ಒಂದರದ್ದು ಇನ್ನೊಂದಕ್ಕೆ ಬರುವುದಿಲ್ಲ. ಹೆಸರು ಹತ್ತಿರವಿರುವ ಎ7 ಲೈಟ್ ಮೀಡಿಯಾಟೆಕ್ ಚಿಪ್ಪಿನ ಬೇರೆಯೇ ಜಾತಿ, ಈ ಕ್ರಮ ಅದಕ್ಕಲ್ಲ. ಕೆಳಗಿನ ಆಜ್ಞೆಗಳನ್ನು ಉಚ್ಚಾರದಂತೆ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ.

ಮೊದಲು ಚಾರ್ಜರ್ ಕೀಳಿ, ಕಾರ್ಡ್ ತೆಗೆಯಿರಿ

ಒತ್ತಿದ್ದು ಒಂದು, ತೆರೆದದ್ದು ಇನ್ನೊಂದು. ಕೀಬೋರ್ಡ್ ತಾನೇ ಅಕ್ಷರ ಹೊಡೆಯುತ್ತದೆ, ಪರದೆ ಜಗ್ಗಿದರೆ ಜಗ್ಗುವುದಿಲ್ಲ. ಹೀಗಿದ್ದರೆ ಚಾರ್ಜರ್ ಕಿತ್ತು ಅದೇ ಕೆಲಸ ಮಾಡಿ ನೋಡಿ. ಸರಿಹೋದರೆ ಟ್ಯಾಬ್‌ನಲ್ಲಿ ದೋಷವಿಲ್ಲ. ಅಗ್ಗದ ಚಾರ್ಜರಿನ ವಿದ್ಯುತ್ ಗದ್ದಲ ಟಚ್ ಪರದೆಯನ್ನು ಗೊಂದಲಕ್ಕೆ ತಳ್ಳುತ್ತದೆ. ಅರ್ಥಿಂಗ್ ಸರಿಯಿಲ್ಲದ ಹಳೆಯ ಮನೆಯ ವೈರಿಂಗ್‌ನಲ್ಲಿ ಇದು ಇನ್ನೂ ಜಾಸ್ತಿ. ಲೋಹದ ಅಂಚು ಮುಟ್ಟಿದಾಗ ಜುಂ ಎನ್ನಿಸಿದರಂತೂ ಚಾರ್ಜರ್ ಬದಲಿಸಿ, ಮುಂದಿನದೆಲ್ಲ ಆಮೇಲೆ.

ಮುಂದೆ ಮೆಮೊರಿ ಕಾರ್ಡ್. ಸಾಯುತ್ತಿರುವ ಅಥವಾ ನಕಲಿ ಕಾರ್ಡ್ ಒಂದು ಫೈಲ್ ಓದಲು ಹತ್ತಾರು ಸಲ ಪ್ರಯತ್ನ ಮಾಡಿಸುತ್ತದೆ. ಅಷ್ಟು ಹೊತ್ತು ಗ್ಯಾಲರಿ, ಫೈಲ್ ಮ್ಯಾನೇಜರ್, ವಾಟ್ಸಾಪ್ ಎಲ್ಲ ಬಾಯಿ ಬಿಟ್ಟುಕೊಂಡು ನಿಲ್ಲುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಅನ್‌ಮೌಂಟ್ ಮಾಡಿ ಕಾರ್ಡ್ ಹೊರತೆಗೆದು ಒಂದು ದಿನ ಬಳಸಿ. ಕಾರ್ಡೇ ಕಾರಣವಾಗಿದ್ದರೆ ಆ ದಿನವೇ ಗೊತ್ತಾಗುತ್ತದೆ. ಹೊಸತು ಕೊಳ್ಳುವಾಗ ಎ1 ಅಥವಾ ಎ2 ಗುರುತಿನದ್ದನ್ನೇ ಕೊಳ್ಳಿ. ಚಿಕ್ಕ ಚಿಕ್ಕ ಫೈಲ್ ಓದುವ ವೇಗಕ್ಕೆ ಆ ಗುರುತು ಭರವಸೆ. ಕಾರ್ಡಿನ ಮೇಲೆ ದೊಡ್ಡದಾಗಿ ಬರೆದ ಎಂಬಿ ವೇಗ ಇದನ್ನು ಹೇಳುವುದಿಲ್ಲ.

ನೆಟ್‌ವರ್ಕಿನದ್ದು ಎರಡು ನಿಮಿಷದ ಪರೀಕ್ಷೆ. ಏರೋಪ್ಲೇನ್ ಮೋಡ್ ಹಾಕಿ, ಟ್ಯಾಬ್‌ನಲ್ಲೇ ಉಳಿಸಿಟ್ಟ ಒಂದು ವಿಡಿಯೊ ಓಡಿಸಿ, ನಾಲ್ಕು ಆಪ್ ತೆರೆದು ಮುಚ್ಚಿ. ಎಲ್ಲ ಸಲೀಸಾಗಿ ಓಡಿದರೆ ನಿಧಾನವಿರುವುದು ನಿಮ್ಮೂರಿನ ಸಿಗ್ನಲ್. ಜೋಯಿಡಾ, ಯಲ್ಲಾಪುರದ ಒಳಹಳ್ಳಿಗಳಲ್ಲಿ ಟಿ505 ಇಡೀ ದಿನ ಟವರ್ ಹುಡುಕುತ್ತ ಬಿಸಿಯಾಗುವುದೂ ಉಂಟು. ಮನೆಯಲ್ಲಿ ವೈಫೈ ಇದ್ದರೆ ಸಿಮ್ ತೆಗೆದಿಟ್ಟು ನೋಡಿ.

ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ ಒಳಗೆ ನೋಡುವುದು

ಇಷ್ಟರಲ್ಲಿ ಕಾರಣ ಸಿಗದಿದ್ದರೆ ಊಹೆ ನಿಲ್ಲಿಸಿ ಅಳತೆಗೆ ಇಳಿಯಬೇಕು. ಸೆಟ್ಟಿಂಗ್ಸ್‌ನ ಅಬೌಟ್ ಟ್ಯಾಬ್ಲೆಟ್, ಅದರೊಳಗೆ ಸಾಫ್ಟ್‌ವೇರ್ ಇನ್ಫರ್ಮೇಶನ್, ಅಲ್ಲಿ ಬಿಲ್ಡ್ ನಂಬರ್ ಮೇಲೆ 7 ಸಲ ಬಡಿದರೆ ಡೆವಲಪರ್ ಆಪ್ಶನ್ಸ್ ತೆರೆಯುತ್ತದೆ. ಯುಎಸ್‌ಬಿ ಡಿಬಗಿಂಗ್ ಆನ್ ಮಾಡಿ. ಲ್ಯಾಪ್‌ಟಾಪ್‌ನಲ್ಲಿ ಗೂಗಲ್‌ನ ಪ್ಲ್ಯಾಟ್‌ಫಾರ್ಮ್ ಟೂಲ್ಸ್ (ಟ್ಯಾಬ್‌ಗೆ ಆಜ್ಞೆ ಕಳಿಸುವ ಎಡಿಬಿ ಇದರಲ್ಲಿದೆ) ಮತ್ತು ಸ್ಯಾಮ್‌ಸಂಗ್ ಯುಎಸ್‌ಬಿ ಡ್ರೈವರ್ ಇರಬೇಕು. 'ಎಡಿಬಿ ಡಿವೈಸಸ್' ಎಂದಾಗ ಸೀರಿಯಲ್ ನಂಬರ್ ಮುಂದೆ 'ಅನ್‌ಆಥರೈಸ್ಡ್' ಎಂದು ಬಂದರೆ ಟ್ಯಾಬ್ ಪರದೆಯಲ್ಲಿ ಅನುಮತಿ ಕೇಳುವ ಪೆಟ್ಟಿಗೆ ಕಾಯುತ್ತಿದೆ ಎಂದರ್ಥ. ಏನೂ ಬಾರದಿದ್ದರೆ ಕೇಬಲ್ ಚಾರ್ಜಿಂಗಿಗೆ ಮಾತ್ರದ್ದಿರಬಹುದು, ಇಲ್ಲವೇ ಡ್ರೈವರ್ ಕೂತಿಲ್ಲ.

ಈಗ 'ಎಡಿಬಿ ಶೆಲ್ ಟಾಪ್' ಕೊಟ್ಟು, ಟ್ಯಾಬ್ ಯಾವ ಕೆಲಸದಲ್ಲಿ ತೆವಳುತ್ತದೋ ಅದೇ ಕೆಲಸ ಮಾಡಿ. ಕಣ್ಣು ಮೇಲಿನ ಸಾಲಿನ ಮೇಲಿರಲಿ. ಎಂಟು ಕೋರ್ ಇರುವುದರಿಂದ ಒಟ್ಟು 800% ಎಂದು ತೋರಿಸುತ್ತದೆ. ಅದರಲ್ಲಿ ಯೂಸರ್, ಸಿಸ್, ಐಡಲ್, ಐಓಡಬ್ಲ್ಯೂ ಎಂದು ಪಾಲು ಹಂಚಿರುತ್ತದೆ. ಕೆಳಗೆ ಯಾವ ಪ್ರೊಸೆಸ್ ಎಷ್ಟು ತಿನ್ನುತ್ತಿದೆ ಎಂಬ ಪಟ್ಟಿ. ಇಡೀ ರೋಗನಿದಾನದಲ್ಲಿ ಇದಕ್ಕಿಂತ ಹೆಚ್ಚು ಹೇಳುವ ಪರದೆ ಇನ್ನೊಂದಿಲ್ಲ.

ಪಟ್ಟಿಯ ತುದಿಯಲ್ಲಿ 'ಕೆಸ್ವಾಪ್‌ಡಿ0' ಮತ್ತೆ ಮತ್ತೆ ಬಂದು ಕೂತರೆ ಅದು ರ‍್ಯಾಮ್ ಕೊರತೆ. ಕರ್ನಲ್, ಅಂದರೆ ಆಂಡ್ರಾಯ್ಡ್‌ನ ತಿರುಳು, ಒಂದು ಆಪ್‌ಗೆ ಜಾಗ ಮಾಡಲು ಇನ್ನೊಂದರ ಪುಟಗಳನ್ನು ಹಿಂಡಿ ಒಳಗಿಡುತ್ತಿದೆ, ಸಿಪಿಯು ಅದರಲ್ಲೇ ಸುಸ್ತಾಗುತ್ತಿದೆ. ಖಾತ್ರಿಗೆ 'ಎಡಿಬಿ ಶೆಲ್ ಕ್ಯಾಟ್ /ಪ್ರೋಕ್/ಮೆಮ್‌ಇನ್ಫೋ' ಕೊಟ್ಟು 'ಮೆಮ್ ಅವೈಲಬಲ್' ಸಾಲು ನೋಡಿ. ಯಾವ ಆಪ್ ತೆರೆಯದೆಯೂ 3 ಜಿಬಿಯಲ್ಲಿ ಅರ್ಧ ಜಿಬಿಯಷ್ಟೂ ಉಳಿದಿಲ್ಲ ಎಂದಾದರೆ ಕಸ್ಟಮ್ ರೋಮ್‌ಗೆ ಇದೇ ತಕ್ಕ ಅಭ್ಯರ್ಥಿ. ಕಂಪನಿ ತುಂಬಿ ಕಳಿಸಿದ ಸರ್ವಿಸ್‌ಗಳೇ ಆ ರ‍್ಯಾಮ್ ತಿನ್ನುತ್ತಿರುತ್ತವೆ, ಹೊಸ ರೋಮ್‌ನಲ್ಲಿ ಅವು ಇರುವುದಿಲ್ಲ.

ಬದಲಿಗೆ ಐಡಲ್ ಬೇಕಾದಷ್ಟಿದ್ದು ಐಓಡಬ್ಲ್ಯೂ ನೂರರ ಆಚೆ ಹಾರುತ್ತಿದ್ದರೆ ಸಿಪಿಯು ಕೆಲಸವಿಲ್ಲದೆ ಸ್ಟೋರೇಜಿಗಾಗಿ ಕಾಯುತ್ತಿದೆ. 32 ಜಿಬಿಯ ಮಾದರಿಯಲ್ಲಿ ಬಳಕೆಗೆ ಉಳಿಯುವುದು 20ರ ಆಸುಪಾಸು. ಅದರಲ್ಲಿ ವಾಟ್ಸಾಪ್ ಶುಭೋದಯಗಳೂ ಇಡೀ ರಾತ್ರಿಯ ಪ್ರಸಂಗಗಳೂ ಸೇರಿ ಒಂದೆರಡು ಜಿಬಿ ಮಾತ್ರ ಬಾಕಿಯಿದ್ದರೆ ಬರೆಯುವ ವೇಗ ನೆಲಕಚ್ಚುತ್ತದೆ. ಫ್ಲ್ಯಾಶ್ ಚಿಪ್ ಹಳೆಯ ಜಾಗದ ಮೇಲೆ ನೇರವಾಗಿ ಬರೆಯಲಾರದು, ಒಂದು ಬ್ಲಾಕನ್ನು ಪೂರ್ತಿ ಅಳಿಸಿಯೇ ಬರೆಯಬೇಕು. ಅಡಕೆ ಮೂಟೆ ತುಂಬಿದ ಕೋಣೆಯಲ್ಲಿ ಒಂದು ಮೂಟೆ ಹೊರತೆಗೆಯಲು ನಾಲ್ಕು ಮೂಟೆ ಸರಿಸುವ ಸ್ಥಿತಿ ಅದು. ಐದನೇ ಒಂದು ಪಾಲು ಯಾವಾಗಲೂ ಖಾಲಿ ಇಟ್ಟರೆ ಈ ತೊಂದರೆ ಬಾರದು.

ಇದಕ್ಕೇ ಅಂಟಿಕೊಂಡ ಇನ್ನೊಂದು ಸಂಗತಿ ನಮ್ಮ ಕಡೆ ವಿಶೇಷ. ಖಾಲಿಯಾದ ಬ್ಲಾಕ್‌ಗಳನ್ನು ಚಿಪ್ಪಿಗೆ ತಿಳಿಸುವ 'ಟ್ರಿಮ್' ಕೆಲಸವನ್ನು ಆಂಡ್ರಾಯ್ಡ್ ರಾತ್ರಿ, ಚಾರ್ಜಿಂಗಿನಲ್ಲಿದ್ದು ಯಾರೂ ಬಳಸದ ಹೊತ್ತಿನಲ್ಲಿ ಮಾಡಿಕೊಳ್ಳುತ್ತದೆ. ಸಿಡಿಲಿಗೆ ಹೆದರಿ ರಾತ್ರಿ ಪ್ಲಗ್ ಕಿತ್ತು, ಟ್ಯಾಬನ್ನೂ ಆಫ್ ಮಾಡಿ ಮಲಗುವ ಮನೆಯಲ್ಲಿ ಆ ಹೊತ್ತು ಬರುವುದೇ ಇಲ್ಲ. ಮುಂಗಾರಿನ ಮುಂಚಿನ ಗುಡುಗಿನಲ್ಲಿ ಪ್ಲಗ್ ಕೀಳುವುದು ಬುದ್ಧಿವಂತಿಕೆಯೇ, ಅದನ್ನು ಬಿಡಿ ಎನ್ನುವುದಿಲ್ಲ. ಒಳ್ಳೆಯ ಹವೆಯ ದಿನ ಒಂದೆರಡು ರಾತ್ರಿ ಚಾರ್ಜಿಗೆ ಹಾಕಿ ಹಾಗೇ ಬಿಡಿ, ಅಥವಾ 'ಎಡಿಬಿ ಶೆಲ್ ಎಸ್‌ಎಂ ಎಫ್‌ಎಸ್‌ಟ್ರಿಮ್' ಕೊಟ್ಟು ಅರ್ಧ ಗಂಟೆ ಮುಟ್ಟದೆ ಇಡಿ.

ಜಾಗ ಖಾಲಿ ಮಾಡಿ, ಟ್ರಿಮ್ ಆಗಿ, ಆದರೂ ಐಓಡಬ್ಲ್ಯೂ ಇಳಿಯದಿದ್ದರೆ ಚಿಪ್ಪೇ ಸವೆದಿರುವ ಸಾಧ್ಯತೆ. ರೂಟ್ ಅನುಮತಿ (ಒಳಗಿನ ಕಡತಗಳನ್ನೂ ತೆರೆಯುವ ಪೂರ್ಣ ಅಧಿಕಾರ) ಇದ್ದಲ್ಲಿ ಸ್ಟೋರೇಜ್ ಚಿಪ್ಪಾದ ಇಎಂಎಂಸಿಯ 'ಲೈಫ್ ಟೈಮ್' ಎಂಬ ಕಡತದಲ್ಲಿ ಇದರ ಲೆಕ್ಕ ಸಿಗುತ್ತದೆ. 0ಎಕ್ಸ್01 ಎಂದರೆ ಆಯುಸ್ಸಿನ ಮೊದಲ 10% ಒಳಗೆ ಬಳಕೆಯಾಗಿದೆ, 0ಎಕ್ಸ್0ಎ ಎಂದರೆ 90 ದಾಟಿದೆ, 0ಎಕ್ಸ್0ಬಿ ಎಂದರೆ ಅಂದಾಜು ಆಯುಸ್ಸೇ ಮುಗಿದಿದೆ. ಪಕ್ಕದ 'ಪ್ರಿ ಇಓಎಲ್ ಇನ್ಫೋ' ಕಡತದಲ್ಲಿ 0ಎಕ್ಸ್02 ಇದ್ದರೆ ಕಾದಿಟ್ಟ ಬ್ಲಾಕ್‌ಗಳಲ್ಲಿ 80% ಖರ್ಚಾಗಿವೆ. ಅಂಥ ಟ್ಯಾಬ್‌ಗೆ ಯಾವ ರೋಮ್ ಹಾಕಿದರೂ ವಾರದ ಸುಖ ಅಷ್ಟೇ.

ಬಿಸಿಯನ್ನು ನೋಡಲು 'ಎಡಿಬಿ ಶೆಲ್ ಡಂಪ್‌ಸಿಸ್ ಬ್ಯಾಟರಿ'. ಟೆಂಪರೇಚರ್ 412 ಎಂದಿದ್ದರೆ 41.2 ಡಿಗ್ರಿ. 'ಡಂಪ್‌ಸಿಸ್ ಥರ್ಮಲ್‌ಸರ್ವಿಸ್' ಕೊಟ್ಟರೆ ಥರ್ಮಲ್ ಸ್ಟೇಟಸ್ ಎಂಬ ಅಂಕೆ ಬರುತ್ತದೆ. 0 ಆದರೆ ನಿರಾಳ, 2 ಅಥವಾ ಅದಕ್ಕಿಂತ ಮೇಲಾದರೆ ಟ್ಯಾಬ್ ತಾನೇ ವೇಗ ಇಳಿಸಿಕೊಳ್ಳುತ್ತಿದೆ. ಏಪ್ರಿಲ್-ಮೇ ತಿಂಗಳ ಕರಾವಳಿ ಸೆಕೆಯಲ್ಲಿ, ದಪ್ಪ ರಬ್ಬರ್ ಕವರ್ ಹಾಕಿ, ಹಾಸಿಗೆಯ ಮೇಲಿಟ್ಟು, ಚಾರ್ಜ್ ಮಾಡುತ್ತಲೇ ವಿಡಿಯೊ ನೋಡಿದರೆ ಇದಾಗದೆ ಇನ್ನೇನು? ಕವರ್ ತೆಗೆದು ಮರದ ಮೇಜಿನ ಮೇಲಿಟ್ಟು ಮತ್ತೆ ಅಳೆಯಿರಿ.

ಪರದೆಯ ಅಂಚು ಎದ್ದಿದ್ದರೆ, ಒತ್ತಿದರೆ ಮೆತ್ತಗೆ ಎನಿಸಿದರೆ, ಬ್ಯಾಟರಿ ಉಬ್ಬಿದೆ. ಅಂಗಡಿಯ ಗಲ್ಲಾಪೆಟ್ಟಿಗೆ ಪಕ್ಕ ವರ್ಷಗಟ್ಟಲೆ ಚಾರ್ಜರ್‌ನಲ್ಲೇ ಇಟ್ಟ ಟ್ಯಾಬ್‌ಗಳಲ್ಲಿ ಇದು ಮಾಮೂಲು. ಎಲ್ಲ ಕೆಲಸ ಅಲ್ಲಿಗೇ ನಿಲ್ಲಿಸಿ ಬ್ಯಾಟರಿ ಬದಲಿಸಿ. ಬೈತಖೋಲ್, ತದಡಿಯಂಥ ಬಂದರಿನ ಕಡೆಯ ಟ್ಯಾಬ್ ಆದರೆ ಟಾರ್ಚ್ ಹಿಡಿದು ಟೈಪ್-ಸಿ ಪೋರ್ಟಿನ ಒಳಗೂ ನೋಡಿ. ಉಪ್ಪುಗಾಳಿಗೆ ಪಿನ್ನುಗಳ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿರುತ್ತದೆ. ಟ್ಯಾಬ್ ಆಫ್ ಮಾಡಿ, ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಮೆತ್ತನೆ ಬ್ರಷ್‌ನಲ್ಲಿ ಒರೆಸಿ, ಪೂರ್ತಿ ಒಣಗಲು ಬಿಡಿ. ಗುಂಡುಪಿನ್ನು, ಸೂಜಿ ಹಾಕಿ ಕೆರೆಯುವುದು ಬೇಡ. ಪೋರ್ಟ್ ಸರಿಯಿಲ್ಲದ ಟ್ಯಾಬ್‌ಗೆ ರೋಮ್ ಹಾಕಲು ಹೊರಟರೆ ರೋಮ್ ಬರೆಯುವ ಮಧ್ಯದಲ್ಲಿ ಸಂಪರ್ಕ ಕಡಿಯುತ್ತದೆ.

ರೋಮ್ ಇಲ್ಲದೆಯೇ ಮುಗಿದರೆ ಒಳ್ಳೆಯದು

ಪವರ್ ಮೆನುವಿನ ಪವರ್ ಆಫ್ ಗುಂಡಿಯನ್ನು ಒತ್ತಿ ಹಿಡಿದರೆ ಸೇಫ್ ಮೋಡ್ ಬರುತ್ತದೆ. ಅದರಲ್ಲಿ ನೀವು ಹಾಕಿದ ಆಪ್‌ಗಳೆಲ್ಲ ಮಲಗಿರುತ್ತವೆ. ಅಲ್ಲಿ ಟ್ಯಾಬ್ ಚುರುಕಾಗಿದ್ದರೆ ತಪ್ಪಿತಸ್ಥ ಒಂದು ಆಪ್. 'ಕ್ಲೀನರ್', 'ಬೂಸ್ಟರ್' ಹೆಸರಿನವುಗಳನ್ನೇ ಮೊದಲು ಕಿತ್ತುಹಾಕಿ, ಹೆಚ್ಚಿನ ಸಲ ಅಲ್ಲಿಗೆ ಮುಗಿಯುತ್ತದೆ.

ಕಂಪನಿಯ ಜತೆ ಬಂದವನ್ನು ಅಳಿಸಲಾಗದು, ಮಲಗಿಸಬಹುದು. 'ಎಡಿಬಿ ಶೆಲ್ ಪಿಎಂ ಡಿಸೇಬಲ್-ಯೂಸರ್ --ಯೂಸರ್ 0' ಎಂದು ಬರೆದು ಮುಂದೆ ಪ್ಯಾಕೇಜ್ ಹೆಸರು ಕೊಡಬೇಕು. ಫೇಸ್‌ಬುಕ್ ಆಪ್ ತೆಗೆದ ಮೇಲೂ ಸ್ಯಾಮ್‌ಸಂಗ್ ಟ್ಯಾಬ್‌ನಲ್ಲಿ 'ಕಾಮ್.ಫೇಸ್‌ಬುಕ್.ಸರ್ವಿಸಸ್', 'ಕಾಮ್.ಫೇಸ್‌ಬುಕ್.ಆಪ್‌ಮ್ಯಾನೇಜರ್', 'ಕಾಮ್.ಫೇಸ್‌ಬುಕ್.ಸಿಸ್ಟಮ್' ಎಂಬ ಮೂರು ಉಳಿದಿರುತ್ತವೆ. ಅವನ್ನು ಮಲಗಿಸಿದರೆ ಯಾರಿಗೂ ನಷ್ಟವಿಲ್ಲ. ಹೆಸರು ನೋಡಿ ಏನೆಂದು ತಿಳಿಯದ ಪ್ಯಾಕೇಜ್ ಮುಟ್ಟಬೇಡಿ. ತಪ್ಪಾಗಿ ಮಲಗಿಸಿದ್ದನ್ನು 'ಪಿಎಂ ಎನೇಬಲ್' ಎಬ್ಬಿಸುತ್ತದೆ. ರ‍್ಯಾಮ್ ಪ್ಲಸ್ ಎಂಬ ಆಯ್ಕೆ ಇರುವ ಮಾದರಿಗಳಲ್ಲಿ ಅದನ್ನು ಆದಷ್ಟು ಇಳಿಸಿ ಅಥವಾ ಆಫ್ ಮಾಡಿ, ನಿಧಾನದ ಸ್ಟೋರೇಜನ್ನು ರ‍್ಯಾಮ್ ಎಂದು ಬಳಸಿದರೆ ಚುರುಕು ಎಲ್ಲಿಂದ ಬರಬೇಕು? ಡೆವಲಪರ್ ಆಪ್ಶನ್ಸ್‌ನ ಮೂರು ಅನಿಮೇಶನ್ ಅಳತೆಗಳನ್ನು 0.5ಕ್ಕೆ ಇಳಿಸಿ. ಇಷ್ಟಾದ ಮೇಲೂ ಆಗದಿದ್ದರೆ ಫ್ಯಾಕ್ಟರಿ ರೀಸೆಟ್. ರೀಸೆಟ್ ಆದ ಬರಿಯ ಟ್ಯಾಬ್‌ನಲ್ಲೂ ಕೆಸ್ವಾಪ್‌ಡಿ0 ಕುಣಿಯುತ್ತಿದ್ದರೆ ಮುಂದಿನ ಭಾಗ ನಿಮ್ಮದು.

ಹಾಕಿದರೆ ಹೋಗುವುದು, ಮರಳಿ ಬಾರದ್ದು

ಸ್ಯಾಮ್‌ಸಂಗ್ ಟ್ಯಾಬ್‌ನಲ್ಲಿ ಬೇರೆಯವರ ರಿಕವರಿ (ಆಂಡ್ರಾಯ್ಡ್ ಅಳಿಸಿ ಹಾಕಲು ಬಳಸುವ ಚಿಕ್ಕ ವ್ಯವಸ್ಥೆ) ಹಾಕಿದ ಕ್ಷಣ ಸ್ಯಾಮ್‌ಸಂಗ್‌ನ ಭದ್ರತಾ ವ್ಯವಸ್ಥೆಯಾದ ನಾಕ್ಸ್‌ನ ವಾರಂಟಿ ಬಿಟ್ 0ಎಕ್ಸ್1 ಆಗುತ್ತದೆ. ಅದು ಚಿಪ್ಪಿನೊಳಗಿನ ಫ್ಯೂಸ್. ಮೂಲ ಸಾಫ್ಟ್‌ವೇರ್ ಮರಳಿ ಹಾಕಿದರೂ ಫ್ಯೂಸ್ ಕೂಡುವುದಿಲ್ಲ, ಸೆಕ್ಯೂರ್ ಫೋಲ್ಡರ್ ಶಾಶ್ವತವಾಗಿ ಹೋಯಿತು. ಬ್ಯಾಂಕ್ ಮತ್ತು ಯುಪಿಐ ಆಪ್‌ಗಳು ನಡೆಯದಿರಬಹುದು. ವಿಡಿಯೊ ನಕಲಾಗದಂತೆ ಕಾಯುವ ವೈಡ್‌ವೈನ್‌ನ ಮಟ್ಟ ಎಲ್1 ಇಂದ ಎಲ್3ಕ್ಕೆ ಇಳಿಯುವುದರಿಂದ ಹಣ ಕೊಟ್ಟು ನೋಡುವ ಓಟಿಟಿ ಸಿನಿಮಾಗಳು ಎಚ್‌ಡಿಯಲ್ಲಿ ಬಾರವು. ಯೂಟ್ಯೂಬ್‌ಗೆ ಈ ಅಡ್ಡಿಯಿಲ್ಲ. ಅಜ್ಜನ ಯಕ್ಷಗಾನಕ್ಕೆ ಇದ್ಯಾವುದೂ ಲೆಕ್ಕಕ್ಕಿಲ್ಲ, ಮಗಳು ಅದೇ ಟ್ಯಾಬ್‌ನಲ್ಲಿ ಓಟಿಟಿ ನೋಡುವವಳಾದರೆ ಮೊದಲೇ ಹೇಳಿಬಿಡಿ.

ಶಾಲೆ, ಇಲಾಖೆ, ಕಂಪನಿ ಕೊಟ್ಟ ಟ್ಯಾಬ್‌ಗಳಲ್ಲಿ ನಿಯಂತ್ರಣದ ಆಪ್ ಇರುತ್ತದೆ, ಸೊತ್ತೂ ಅವರದ್ದು. ಅವನ್ನು ಮುಟ್ಟಬಾರದು. ಇನ್ನು, ಸ್ಯಾಮ್‌ಸಂಗ್ ಸಾಫ್ಟ್‌ವೇರ್‌ನ ಒನ್ ಯುಐ 8 ಆವೃತ್ತಿ ಬಂದ ಹೊಸ ಟ್ಯಾಬ್‌ಗಳಲ್ಲಿ ಬೂಟ್‌ಲೋಡರ್ (ಆನ್ ಮಾಡಿದಾಗ ಮೊದಲು ಎದ್ದು ಆಂಡ್ರಾಯ್ಡ್ ಎಬ್ಬಿಸುವ ಭಾಗ) ತೆರೆಯುವ ಆಯ್ಕೆಯನ್ನೇ ಸ್ಯಾಮ್‌ಸಂಗ್ ತೆಗೆದುಹಾಕಿದೆ. ಎ7 ಆಂಡ್ರಾಯ್ಡ್ 12ಕ್ಕೇ ನಿಂತದ್ದರಿಂದ ಅದಕ್ಕೆ ಆ ಕಾಟವಿಲ್ಲ.

ತಯಾರಿ

ಡೆಸ್ಕ್‌ಟಾಪ್ ಬೇಡ, ಬ್ಯಾಟರಿ ತುಂಬಿದ ಲ್ಯಾಪ್‌ಟಾಪ್ ಇರಲಿ. ಆಷಾಢದ ಗಾಳಿಮಳೆಗೆ ತಂತಿಯ ಮೇಲೆ ಮರ ಬಿದ್ದರೆ ಹೆಸ್ಕಾಂ ಲೈನ್ ಯಾವಾಗ ಬರುತ್ತದೆಂದು ಹೇಳಲಾಗದು. ಟ್ಯಾಬ್‌ನಲ್ಲಿ ಕನಿಷ್ಠ 60% ಚಾರ್ಜ್. ಒಂದು ತುದಿ ಟೈಪ್-ಎ ಇರುವ ಗಟ್ಟಿ ಡೇಟಾ ಕೇಬಲ್, ಸಾಧ್ಯವಾದರೆ ಯುಎಸ್‌ಬಿ 2.0 ಪೋರ್ಟ್. ಹಬ್ ಮೂಲಕ ಬೇಡ.

ಫೈಲ್‌ಗಳನ್ನು ಹಿಂದಿನ ದಿನವೇ ಇಳಿಸಿಕೊಳ್ಳಿ: ನಿಮ್ಮ ಮಾದರಿಗೇ ಇರುವ ಲಿನೇಜ್ ಜಿಪ್, ಅದರದೇ ರಿಕವರಿ, ವಿಬಿಮೆಟಾ (ಸಹಿ ತಪಾಸಣೆಯ) ಕಡತ, ಸ್ಯಾಮ್‌ಸಂಗ್‌ಗೆ ಸಾಫ್ಟ್‌ವೇರ್ ಬರೆಯುವ ಓಡಿನ್ 3.14, ಬೇಕಿದ್ದರೆ ಮೈಂಡ್ ದಿ ಗ್ಯಾಪ್ಸ್ (ಗ್ಯಾಪ್ಸ್ ಎಂದರೆ ಗೂಗಲ್ ಆಪ್‌ಗಳ ಕಟ್ಟು). ಇವುಗಳ ಜತೆ ಮೂಲ ಸ್ಯಾಮ್‌ಸಂಗ್ ಫರ್ಮ್‌ವೇರನ್ನೂ (ಕಂಪನಿಯ ಪೂರ್ತಿ ಸಾಫ್ಟ್‌ವೇರ್) ಮುಂಚೆಯೇ ಇಟ್ಟುಕೊಳ್ಳಿ. ಅದೊಂದೇ ಹಲವು ಜಿಬಿ ಇರುವುದರಿಂದ ಹಳ್ಳಿಯ ಮೊಬೈಲ್ ಡೇಟಾದಲ್ಲಿ ಆಗುವ ಮಾತಲ್ಲ, ಪೇಟೆಗೆ ಹೋದಾಗ ಇಳಿಸಿ ತನ್ನಿ. ಅರ್ಧ ಕೆಟ್ಟ ಟ್ಯಾಬ್ ಕೈಯಲ್ಲಿ ಹಿಡಿದು ಸಿಗ್ನಲ್ಲಿಗಾಗಿ ಗುಡ್ಡ ಹತ್ತುವುದು ಯಾರಿಗೂ ಬೇಡ. ಇಳಿಸಿದ ಪ್ರತಿ ಜಿಪ್‌ಗೂ ವಿಂಡೋಸ್‌ನಲ್ಲಿ 'ಸರ್ಟ್‌ಯುಟಿಲ್ -ಹ್ಯಾಶ್‌ಫೈಲ್', ಫೈಲ್ ಹೆಸರು, 'ಎಸ್‌ಎಚ್‌ಎ256' ಕೊಟ್ಟು, ಡೌನ್‌ಲೋಡ್ ಪುಟದ ಅಂಕೆಗೆ ತಾಳೆ ನೋಡಿ. ತಾಳೆಯಾಗದಿದ್ದರೆ ಮತ್ತೆ ಇಳಿಸಿ.

ಗ್ಯಾಪ್ಸ್ ಆವೃತ್ತಿ ಹೊಂದಬೇಕು. ಲಿನೇಜ್ 20 ಎಂದರೆ ಆಂಡ್ರಾಯ್ಡ್ 13, 21 ಎಂದರೆ 14. ಪ್ರೊಸೆಸರ್ ಬಗೆ ಎಆರ್‌ಎಂ64. 3 ಜಿಬಿಯ ಟ್ಯಾಬ್‌ಗೆ ಗೂಗಲ್‌ನ ಎಲ್ಲ ಆಪ್ ತುಂಬಿದ ದೊಡ್ಡ ಪ್ಯಾಕ್ ಹಾಕಿದರೆ ಬಂದ ದಾರಿಗೆ ಸುಂಕವಿಲ್ಲ. ಓದು, ವಿಡಿಯೊ, ಬ್ರೌಸರ್ ಇಷ್ಟೇ ಸಾಕೆನ್ನುವವರಿಗೆ ಗ್ಯಾಪ್ಸ್ ಇಲ್ಲದೆ ಎಫ್-ಡ್ರಾಯ್ಡ್ ಎಂಬ ಉಚಿತ ಆಪ್ ಮಳಿಗೆಯಿಂದ ಆಪ್ ಹಾಕಿಕೊಡುವುದೇ ಮೇಲು. ಅತಿ ಹೆಚ್ಚು ಚುರುಕು ಕಾಣುವುದು ಅಲ್ಲೇ.

ಟ್ಯಾಬ್‌ನ ಮೂಲ ಸಾಫ್ಟ್‌ವೇರನ್ನು ಕೊನೆಯ ಅಪ್‌ಡೇಟ್‌ವರೆಗೆ ಏರಿಸಿಕೊಳ್ಳಿ. ಬೂಟ್‌ಲೋಡರ್, ಮೋಡೆಮ್ ಇತ್ಯಾದಿ ಭಾಗಗಳನ್ನು ರೋಮ್ ಬದಲಿಸುವುದಿಲ್ಲ, ಇದ್ದವನ್ನೇ ಬಳಸುತ್ತದೆ. ಫೋಟೊ, ಕಾಂಟ್ಯಾಕ್ಟ್ ಎಲ್ಲ ನಕಲು ತೆಗೆದಿಟ್ಟು, ಗೂಗಲ್ ಮತ್ತು ಸ್ಯಾಮ್‌ಸಂಗ್ ಖಾತೆಗಳನ್ನು ಸೆಟ್ಟಿಂಗ್ಸ್‌ನಲ್ಲಿ ತೆಗೆದುಹಾಕಿ. ಇಲ್ಲದಿದ್ದರೆ ಅಳಿಸಿದ ಮೇಲೆ ಹಳೆಯ ಖಾತೆಯ ಪಾಸ್‌ವರ್ಡ್ ಕೇಳಬಹುದು, ಅದು ಕ್ಲಾಸಿನ ಕಾಲದಲ್ಲಿ ಯಾರೋ ಮಾಡಿಕೊಟ್ಟ ಖಾತೆಯಾಗಿರುತ್ತದೆ.

ಹಾಕುವ ಕ್ರಮ

1. ಡೆವಲಪರ್ ಆಪ್ಶನ್ಸ್‌ನಲ್ಲಿ ಓಇಎಂ ಅನ್‌ಲಾಕಿಂಗ್ ಆನ್ ಮಾಡಿ. ಟ್ಯಾಬ್ ಪೂರ್ತಿ ಆಫ್ ಮಾಡಿ.

2. ವಾಲ್ಯೂಮ್‌ನ ಎರಡೂ ಗುಂಡಿ ಒತ್ತಿ ಹಿಡಿದು, ಲ್ಯಾಪ್‌ಟಾಪ್‌ಗೆ ಸೇರಿಸಿದ ಕೇಬಲ್ ಟ್ಯಾಬ್‌ಗೆ ಸಿಕ್ಕಿಸಿ. ಎಚ್ಚರಿಕೆಯ ಪರದೆ ಬಂದಾಗ ವಾಲ್ಯೂಮ್ ಅಪ್ ಅನ್ನು ದೀರ್ಘ ಒತ್ತಿ. ಬೂಟ್‌ಲೋಡರ್ ತೆರೆಯಲೇ ಎಂದು ಕೇಳಿದಾಗ ಮತ್ತೆ ವಾಲ್ಯೂಮ್ ಅಪ್. ಒಳಗಿನ ಎಲ್ಲ ಡೇಟಾ ಇಲ್ಲಿ ಅಳಿಯುತ್ತದೆ.

3. ಟ್ಯಾಬ್ ಹೊಸದರಂತೆ ಏಳುತ್ತದೆ. ಖಾತೆ ಹಾಕದೆ ಸೆಟಪ್ ಮುಗಿಸಿ, ವೈಫೈಗೆ ಸೇರಿಸಿ, ಡೆವಲಪರ್ ಆಪ್ಶನ್ಸ್ ಮತ್ತೆ ತೆರೆಯಿರಿ. ಓಇಎಂ ಅನ್‌ಲಾಕಿಂಗ್ ಆನ್ ಆಗಿ, ಬದಲಿಸಲಾಗದಂತೆ ಮಸುಕಾಗಿ ಕಾಣಬೇಕು. ಈ ಹೆಜ್ಜೆ ಹಾರಿಸಿದವರಿಗೇ ಮುಂದಿನ ಗೋಳು.

4. ಆಫ್ ಮಾಡಿ, ಎರಡನೇ ಹೆಜ್ಜೆಯಂತೆಯೇ ಎಚ್ಚರಿಕೆಯ ಪರದೆಗೆ ಹೋಗಿ, ಈ ಸಲ ವಾಲ್ಯೂಮ್ ಅಪ್ ಅನ್ನು ಒಮ್ಮೆ ಮಾತ್ರ ಒತ್ತಿ. ಹೊರಗಿನಿಂದ ಸಾಫ್ಟ್‌ವೇರ್ ಬರೆಸಿಕೊಳ್ಳುವ ಡೌನ್‌ಲೋಡ್ ಮೋಡ್ ಬರುತ್ತದೆ. ಓಡಿನ್‌ನಲ್ಲಿ ಕಾಮ್ ಪೆಟ್ಟಿಗೆ ನೀಲಿಯಾಗಿ 'ಆಡೆಡ್' ಎಂದು ಬರಬೇಕು. ಆಪ್ಶನ್ಸ್‌ನಲ್ಲಿ ಆಟೊ ರೀಬೂಟ್ ಗುರುತು ತೆಗೆಯಿರಿ. ರೀ-ಪಾರ್ಟಿಶನ್ ಕಡೆ ಕೈ ಹಾಕಲೇಬೇಡಿ. ಟಾರ್ ರೂಪದ ವಿಬಿಮೆಟಾ ಮತ್ತು ರಿಕವರಿಯನ್ನು ಎಪಿ ಜಾಗದಲ್ಲಿ ಕೊಟ್ಟು ಸ್ಟಾರ್ಟ್ ಒತ್ತಿ. ಹಸಿರು 'ಪಾಸ್' ಬರುವ ತನಕ ಕೇಬಲ್ ಅಲುಗಾಡಬಾರದು.

5. ಕೇಬಲ್ ಹಾಗೇ ಇರಲಿ. ವಾಲ್ಯೂಮ್ ಡೌನ್ ಮತ್ತು ಪವರ್ ಒತ್ತಿ ಹಿಡಿಯಿರಿ. ಪರದೆ ಕಪ್ಪಾದ ಕೂಡಲೇ ಬೆರಳನ್ನು ವಾಲ್ಯೂಮ್ ಅಪ್‌ಗೆ ಜಾರಿಸಿ, ಪವರ್ ಬಿಡಬೇಡಿ. ಸ್ಯಾಮ್‌ಸಂಗ್ ಹೆಸರು ಕಂಡ ಮೇಲೆ ಬಿಡಿ. ಲಿನೇಜ್ ರಿಕವರಿ ಬರುತ್ತದೆ.

6. ಫ್ಯಾಕ್ಟರಿ ರೀಸೆಟ್ ಒಳಗೆ ಫಾರ್ಮ್ಯಾಟ್ ಡೇಟಾ ಮಾಡಿ. ನಂತರ ಅಪ್ಲೈ ಅಪ್‌ಡೇಟ್, ಅಪ್ಲೈ ಫ್ರಮ್ ಎಡಿಬಿ. ಲ್ಯಾಪ್‌ಟಾಪ್‌ನಲ್ಲಿ 'ಎಡಿಬಿ -ಡಿ ಸೈಡ್‌ಲೋಡ್' ಎಂದು ಬರೆದು ಜಿಪ್ ಹೆಸರು ಕೊಡಿ.

7. ಗ್ಯಾಪ್ಸ್ ಬೇಕಿದ್ದರೆ ಈಗಲೇ, ಮೊದಲ ಸಲ ಟ್ಯಾಬ್ ಏಳುವ ಮುನ್ನ, ಅದೇ ರೀತಿ ಕಳಿಸಿ. ಅದಕ್ಕೆ ರಿಕವರಿ ರೀಬೂಟ್ ಆಗಬೇಕೆಂದು ಕೇಳಿದರೆ ಒಪ್ಪಿ. ಸಹಿ ತಾಳೆಯಾಗಲಿಲ್ಲ, ಆದರೂ ಹಾಕಲೇ ಎಂದು ಕೇಳುತ್ತದೆ. ಗ್ಯಾಪ್ಸ್‌ಗೆ ಲಿನೇಜ್ ಸಹಿ ಇರುವುದಿಲ್ಲವಾದ್ದರಿಂದ ಇದು ಸಹಜ, ಹೌದು ಎನ್ನಿ. ಲಿನೇಜ್ ಜಿಪ್‌ಗೇ ಹೀಗೆ ಕೇಳಿದರೆ ಮಾತ್ರ ನಿಲ್ಲಿಸಿ, ಫೈಲ್ ಕೆಟ್ಟಿದೆ.

8. ರೀಬೂಟ್ ಸಿಸ್ಟಮ್.

ಕೈಕೊಡುವ ಜಾಗಗಳು

ಲ್ಯಾಪ್‌ಟಾಪ್ ಪರದೆಯಲ್ಲಿ ಸೈಡ್‌ಲೋಡ್ 47%ಕ್ಕೆ ನಿಂತು 'ಫೇಲ್ಡ್ ಟು ರೀಡ್ ಕಮಾಂಡ್: ಸಕ್ಸೆಸ್' ಎಂಬ ವಿಚಿತ್ರ ಸಾಲು ಬಂದರೆ ಹೆದರಿ ಕೇಬಲ್ ಕೀಳಬೇಡಿ. ಅದು ಬಹುತೇಕ ಯಶಸ್ಸೇ. ಟ್ಯಾಬ್ ಪರದೆಯಲ್ಲಿ ಏನು ಬರೆದಿದೆ ನೋಡಿ, ಅಲ್ಲಿ ತಪ್ಪಿನ ಮಾತಿಲ್ಲದಿದ್ದರೆ ಮುಂದುವರಿಯಿರಿ.

ಓಡಿನ್ 'ಸೆಟಪ್ ಕನೆಕ್ಷನ್' ಎಂಬಲ್ಲೇ ನಿಂತರೆ ಡ್ರೈವರ್ ಅಥವಾ ಕೇಬಲ್. ಓಡಿನ್ ಮುಚ್ಚಿ, ಟ್ಯಾಬನ್ನು ಮತ್ತೆ ಡೌನ್‌ಲೋಡ್ ಮೋಡ್‌ಗೆ ತಂದು, ಪೋರ್ಟ್ ಬದಲಿಸಿ. ಡೌನ್‌ಲೋಡ್ ಮೋಡ್ ಒಂದು ಸೋಲಿನ ನಂತರ ಹೊಸ ಸಂಪರ್ಕ ಒಪ್ಪದಿರುವುದು ಮಾಮೂಲು. ಹಾಗಾಗಿ ಅದನ್ನು ಹೊಸದಾಗಿ ತೆರೆಯದೆ ಬರೀ ಕೇಬಲ್ ಬದಲಿಸಿದರೆ ಉಪಯೋಗವಿಲ್ಲ.

ಅಧಿಕೃತ ಬೈನರಿ ಮಾತ್ರ ಹಾಕಬಹುದು ಎಂಬ ಕೆಂಪು ಸಾಲು ಟ್ಯಾಬ್‌ನಲ್ಲಿ ಬಂದರೆ ಮೂರನೇ ಹೆಜ್ಜೆ ಆಗಿಲ್ಲ. ಡೌನ್‌ಲೋಡ್ ಮೋಡ್ ಪರದೆಯ ಮೂಲೆಯಲ್ಲಿ ಕೆಜಿ ಸ್ಟೇಟ್ (ಸ್ಯಾಮ್‌ಸಂಗ್‌ನ ಬೀಗದ ಸ್ಥಿತಿ) 'ಪ್ರಿನಾರ್ಮಲ್' ಎಂದಿದ್ದರೆ ಟ್ಯಾಬನ್ನು ಮೂಲ ಸಾಫ್ಟ್‌ವೇರ್‌ನಲ್ಲೇ ಎಬ್ಬಿಸಿ, ದಿನಾಂಕ ಸರಿಯಿಟ್ಟು, ಇಂಟರ್ನೆಟ್‌ಗೆ ಸೇರಿಸಿ ಬಿಡಿ. ಅದು ಬದಲಾಗುವ ತನಕ ಓಡಿನ್‌ಗೆ ಕೆಲಸವಿಲ್ಲ.

ಐದನೇ ಹೆಜ್ಜೆಯಲ್ಲಿ ಬೆರಳು ತಡವಾಗಿ ಟ್ಯಾಬ್ ಮೂಲ ಆಂಡ್ರಾಯ್ಡ್‌ಗೇ ಹೋದರೆ, ಅದು ತನ್ನ ಹಳೆಯ ರಿಕವರಿಯನ್ನು ಮರಳಿ ಬರೆದುಬಿಡುತ್ತದೆ. ನಾಲ್ಕನೇ ಹೆಜ್ಜೆಯಿಂದ ಮತ್ತೆ ಮಾಡಬೇಕು. ಕೇಬಲ್ ಕಿತ್ತಿದ್ದರೂ ಇದೇ ಗತಿ. ಆಂಡ್ರಾಯ್ಡ್ 11ರಿಂದ ಈಚಿನ ಸ್ಯಾಮ್‌ಸಂಗ್‌ಗಳು ಯುಎಸ್‌ಬಿ ಸಂಪರ್ಕವಿಲ್ಲದೆ ಗುಂಡಿ ಒತ್ತಿದರೆ ರಿಕವರಿಗೆ ಹೋಗುವುದಿಲ್ಲ. ಈ ಒಂದು ವಿಷಯ ಗೊತ್ತಿಲ್ಲದೆ ಗುಂಡಿ ಸವೆಸಿದವರು ಬಹಳ.

ಮೊದಲ ಬೂಟ್ 5ರಿಂದ 10 ನಿಮಿಷ ಹಿಡಿಯಬಹುದು. 15 ದಾಟಿಯೂ ಲಿನೇಜ್ ಚಿತ್ರವೇ ಓಡುತ್ತಿದ್ದರೆ ಹೆಚ್ಚಾಗಿ ಫಾರ್ಮ್ಯಾಟ್ ಡೇಟಾ ಆಗಿಲ್ಲ. ಹಳೆಯ ವ್ಯವಸ್ಥೆ ಗೂಢಲಿಪಿಯಲ್ಲಿ ಬರೆದ ಡೇಟಾ ಹೊಸದಕ್ಕೆ ಓದಲಾಗದು. ರಿಕವರಿಗೆ ಮರಳಿ ಫಾರ್ಮ್ಯಾಟ್ ಮಾಡಿದರೆ ಸಾಕು, ಇಡೀ ಕೆಲಸ ಮತ್ತೆ ಬೇಡ. ಟ್ಯಾಬ್ ಎದ್ದರೂ ಗೂಗಲ್ ಸೆಟಪ್ ಪದೇ ಪದೇ ಬಿದ್ದರೆ ಗ್ಯಾಪ್ಸ್ ಬೂಟ್ ಆದ ಮೇಲೆ ಹಾಕಿದ್ದೀರಿ ಅಥವಾ ಆವೃತ್ತಿ ತಪ್ಪಿದೆ. ಫಾರ್ಮ್ಯಾಟ್ ಮಾಡಿ ಆರು ಮತ್ತು ಏಳನೇ ಹೆಜ್ಜೆ ಮರುಕಳಿಸಿ.

ಮೂಲ ಫರ್ಮ್‌ವೇರ್ ಬರೆಯುವಾಗ ಮಧ್ಯದಲ್ಲಿ ಕೇಬಲ್ ಕಳಚಿದರೆ, ಸ್ಮಾರ್ಟ್ ಸ್ವಿಚ್ ಬಳಸಿ ದುರಸ್ತಿ ಮಾಡಿ ಎನ್ನುವ ಪರದೆ ಬರುತ್ತದೆ. ಟ್ಯಾಬ್ ಸತ್ತಿತೆಂದು ಇಲ್ಲೇ ಹಲವರು ಕೈಬಿಡುತ್ತಾರೆ. ಆ ಪರದೆಯೂ ಡೌನ್‌ಲೋಡ್ ಮೋಡೇ. ಓಡಿನ್ ಅದನ್ನು ಗುರುತಿಸುತ್ತದೆ, ಮತ್ತೆ ಬರೆದರೆ ಏಳುತ್ತದೆ.

ಹಾಕಿದ ಮೇಲೆ

ಬೂಟ್‌ಲೋಡರ್ ತೆರೆದಿದೆ ಎಂಬ ಎಚ್ಚರಿಕೆ ಪ್ರತಿ ಸಲ ಆನ್ ಮಾಡಿದಾಗ ಬರುತ್ತದೆ, ಕೆಲವು ಸೆಕೆಂಡಿಗೆ ತಾನೇ ಹೋಗುತ್ತದೆ. ಟ್ಯಾಬ್ ಬಳಸುವವರಿಗೆ ಇದನ್ನು ಮೊದಲೇ ತಿಳಿಸಿಡಿ, ಇಲ್ಲವಾದರೆ ವೈರಸ್ ಬಂತೆಂದು ಮರುದಿನವೇ ಫೋನ್ ಬರುತ್ತದೆ. ಕನ್ನಡ ಕೀಬೋರ್ಡ್ ಲಿನೇಜ್ ಜತೆಗೇ ಇದೆ. ಇಂಗ್ಲಿಷ್ ಅಕ್ಷರದಲ್ಲಿ ಒತ್ತಿ ಕನ್ನಡ ಪಡೆಯುವ ರೂಢಿಯವರಿಗೆ ಜಿಬೋರ್ಡ್ ಬೇಕು.

ಮೊದಲ ಎರಡು ದಿನದ ವೇಗ ನೋಡಿ ತೀರ್ಮಾನಿಸಬೇಡಿ. ಆಪ್‌ಗಳು ಒಳಗೊಳಗೇ ತಯಾರಾಗುತ್ತಿರುತ್ತವೆ. ಮೂರನೇ ದಿನ ಮತ್ತೆ 'ಟಾಪ್' ಓಡಿಸಿ, ಮೊದಲು ಬರೆದಿಟ್ಟ ಕೆಸ್ವಾಪ್‌ಡಿ0, ಮೆಮ್ ಅವೈಲಬಲ್, ಐಓಡಬ್ಲ್ಯೂ ಅಂಕೆಗಳ ಜತೆ ಇಟ್ಟು ನೋಡಿ. ಡೆವಲಪರ್ ಆಪ್ಶನ್ಸ್‌ನಲ್ಲಿ ರೂಟೆಡ್ ಡಿಬಗಿಂಗ್ ಆನ್ ಮಾಡಿದರೆ ಮೊದಲು ಓದಲಾಗದ ಇಎಂಎಂಸಿ ಲೈಫ್ ಟೈಮ್ ಕಡತವನ್ನೂ ಈಗ ನೋಡಬಹುದು. ನೋಡಿದ ಮೇಲೆ ಆಫ್ ಮಾಡಿ. ಪ್ರೊಸೆಸರ್ ಅದೇ 662 ಎಂಬುದು ನೆನಪಿರಲಿ. ಆಪ್ ಬದಲಿಸುವಾಗಿನ ತಡೆ ಹೋಗುತ್ತದೆ, ಭಾರೀ ಗೇಮ್ ಮಾತ್ರ ಮೊದಲಿನಷ್ಟೇ ಓಡುತ್ತದೆ.

ವಾರವಾರ ಬರುವ ಲಿನೇಜ್ ಅಪ್‌ಡೇಟ್‌ಗಳನ್ನು ಪ್ರತಿ ಸಲ ಹಾಕಬೇಕೆಂದಿಲ್ಲ. ತಿಂಗಳಿಗೊಂದು ಸಾಕು. 20ರಿಂದ 21ಕ್ಕೆ ಹೋಗುವಂಥ ದೊಡ್ಡ ನೆಗೆತ ಅಪ್‌ಡೇಟರ್‌ನಿಂದ ಆಗುವುದಿಲ್ಲ, ರಿಕವರಿಯಿಂದ ಹೊಸ ಗ್ಯಾಪ್ಸ್ ಸಮೇತ ಕೈಯಾರೆ ಮಾಡಬೇಕು.

ಮೂಲಕ್ಕೆ ಮರಳುವುದಾದರೆ

ಫರ್ಮ್‌ವೇರ್ ಬಿಚ್ಚಿದರೆ ಬಿಎಲ್ (ಬೂಟ್‌ಲೋಡರ್), ಎಪಿ (ಮುಖ್ಯ ವ್ಯವಸ್ಥೆ), ಸಿಪಿ (ಮೋಡೆಮ್), ಸಿಎಸ್‌ಸಿ (ದೇಶದ ಸೆಟ್ಟಿಂಗ್) ಎಂಬ ಭಾಗಗಳು. ಟಿ500ಕ್ಕೆ ಮೋಡೆಮ್ ಇಲ್ಲದ್ದರಿಂದ ಸಿಪಿ ಇರದು, ಕಳೆದುಹೋಯಿತೆಂದು ಹುಡುಕಬೇಡಿ. ಭಾರತದ ಟ್ಯಾಬ್‌ಗೆ ಐಎನ್‌ಎಸ್ ಗುರುತಿನ ಸಿಎಸ್‌ಸಿ ತೆಗೆದುಕೊಳ್ಳಿ. ಹೋಮ್ ಸಿಎಸ್‌ಸಿ ಡೇಟಾ ಉಳಿಸಲು ಇರುವುದು, ರೋಮ್‌ನಿಂದ ಮರಳುವಾಗ ಅದು ಬೇಡ, ಸಾದಾ ಸಿಎಸ್‌ಸಿಯೇ ಸರಿ.

ಆವೃತ್ತಿ ಸಂಖ್ಯೆಯ ಕೊನೆಯಿಂದ ಐದನೇ ಅಕ್ಷರ ಬೂಟ್‌ಲೋಡರಿನ ಮಟ್ಟ. ಟ್ಯಾಬ್‌ನಲ್ಲಿರುವುದಕ್ಕಿಂತ ಕೆಳಗಿನ ಮಟ್ಟದ್ದನ್ನು ಕೊಟ್ಟರೆ ಓಡಿನ್ 'ಫೇಲ್' ಎನ್ನುತ್ತದೆ, ಟ್ಯಾಬ್ ಪರದೆಯಲ್ಲಿ 'ಎಸ್‌ಡಬ್ಲ್ಯೂ ರೆವ್ ಚೆಕ್ ಫೇಲ್' ಎಂದು ಬರುತ್ತದೆ. ಒತ್ತಾಯದ ದಾರಿ ಇಲ್ಲ. ಸಮ ಅಥವಾ ಮೇಲಿನ ಮಟ್ಟದ್ದೇ ಬೇಕು.

ಬೂಟ್‌ಲೋಡರನ್ನು ಮತ್ತೆ ಮುಚ್ಚುವ ಆಸೆಯಿದ್ದರೆ ಮೂಲ ಸಾಫ್ಟ್‌ವೇರ್ ಪೂರ್ತಿ ಕೂತು ಟ್ಯಾಬ್ ಒಮ್ಮೆ ಎದ್ದ ಮೇಲೆಯೇ ಮುಚ್ಚಿ. ಲಿನೇಜ್ ಇರುವಾಗಲೇ ಮುಚ್ಚಿದರೆ ಸಹಿ ತಾಳೆಯಾಗದೆ ಟ್ಯಾಬ್ ಏಳುವುದಿಲ್ಲ, ಮತ್ತೆ ಓಡಿನ್‌ನಲ್ಲಿ ಎಲ್ಲ ಭಾಗಗಳನ್ನೂ ಬರೆಯುವ ಕೆಲಸ ಬೀಳುತ್ತದೆ. ಟ್ಯಾಬನ್ನು ಮಾರುವವರಾದರೆ ನಾಕ್ಸ್ 0ಎಕ್ಸ್1 ಆಗಿದೆ ಎಂದು ಕೊಳ್ಳುವವರಿಗೆ ಹೇಳಿಯೇ ಮಾರಿ. ಡೌನ್‌ಲೋಡ್ ಮೋಡ್‌ಗೆ ಹೋದರೆ ಅವರಿಗೂ ಕಾಣುತ್ತದೆ.